ಓದುಗರ ಪ್ರಶ್ನೆ: ಸಿ ಲೈಬ್ರರಿಯನ್ನು ಝಡ್‌ಎಕ್ಸ್ ಸ್ಪೆಕ್ಟ್ರಮ್‌ಗೆ ಹೊಂದಿಸುವುದು ಎಂದರೇನು?

ಪ್ರಶ್ನೆ: ಸಿ ಭಾಷೆಯ ಪ್ರೋಗ್ರಾಂಗಳನ್ನು ಯಂತ್ರದ ಭಾಷೆಗೆ ಬದಲಿಸುವ ಎಸ್‌ಡಿಸಿಸಿ ಕಂಪೈಲರ್ ಝಡ್80 ಪ್ರೊಸೆಸರ್‌ಗೆ ಕೋಡ್ ತಯಾರಿಸುತ್ತದೆ, ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಹಳೆಯ ಮನೆ ಕಂಪ್ಯೂಟರ್‌ನಲ್ಲಿರುವುದೂ ಝಡ್80. ಹಾಗಿದ್ದರೂ ಪರದೆಗೆ ಬರೆಯುವ ಪ್ರಿಂಟ್‌ಎಫ್ ಫಂಕ್ಷನ್ ಇರುವ ಐದು ಸಾಲಿನ ಪ್ರೋಗ್ರಾಂ ಕೂಡ ಅದರಲ್ಲಿ ಓಡುವುದಿಲ್ಲ, ಏಕೆ? ಲೈಬ್ರರಿಯನ್ನು, ಅಂದರೆ ಸಿದ್ಧ ಫಂಕ್ಷನ್‌ಗಳ ಸಂಗ್ರಹವನ್ನು, ಯಂತ್ರಕ್ಕೆ ಹೊಂದಿಸಬೇಕು ಎನ್ನುತ್ತಾರೆ, ಹಾಗೆಂದರೆ ಮಾಡಬೇಕಾದದ್ದೇನು?

ಉತ್ತರ: ಕಂಪೈಲರ್‌ಗೆ ಗೊತ್ತಿರುವುದು ಪ್ರೊಸೆಸರ್ ಮಾತ್ರ, ಆ ಪ್ರೊಸೆಸರ್ ಸುತ್ತ ಯಾವ ಯಂತ್ರವನ್ನು ಕಟ್ಟಿದ್ದಾರೆ ಎಂಬುದು ಅದಕ್ಕೆ ಗೊತ್ತಿಲ್ಲ. ಕೂಡು, ಕಳೆ, ಹೋಲಿಸಿ ನೋಡು ಎಂಬ ಕೆಲಸಗಳಿಗೆ ಪ್ರೊಸೆಸರ್ ಒಂದೇ ಸಾಕು. ಆದರೆ ಒಂದು ಅಕ್ಷರವನ್ನು ಪರದೆಗೆ ಕಳಿಸು, ಒಂದು ಕೀಲಿಗಾಗಿ ಕಾಯಿ, ಪ್ರೋಗ್ರಾಂ ಮುಗಿದ ಮೇಲೆ ಕರೆದವರ ಬಳಿಗೆ ಹಿಂದಿರುಗು ಎಂಬ ಕೆಲಸಗಳು ಪ್ರತಿ ಯಂತ್ರದಲ್ಲೂ ಬೇರೆ ಬೇರೆ ರೀತಿಯಲ್ಲಿ ನಡೆಯುತ್ತವೆ. ಈ ಎರಡನೆಯ ಗುಂಪಿನ ಕೆಲಸಗಳನ್ನು ಆಯಾ ಯಂತ್ರಕ್ಕೆ ತಕ್ಕಂತೆ ಬರೆದುಕೊಡುವುದೇ ಲೈಬ್ರರಿಯನ್ನು ಹೊಂದಿಸುವುದು. ಸ್ಟ್ರಿಂಗ್‌ಗಳನ್ನು ನಕಲಿಸುವ, ಹೋಲಿಸುವ, ಪಟ್ಟಿಯನ್ನು ವಿಂಗಡಿಸುವ ಫಂಕ್ಷನ್‌ಗಳು ಶುದ್ಧ ಲೆಕ್ಕಾಚಾರದವು. ಅವನ್ನು ಮುಟ್ಟಬೇಕಾಗಿಯೇ ಇಲ್ಲ. ಹೊಸಬರು ಇಡೀ ಲೈಬ್ರರಿಯನ್ನು ತಿದ್ದಬೇಕೇನೋ ಎಂದು ಹೆದರುತ್ತಾರೆ, ಆದರೆ ನಿಜವಾಗಿ ಬರೆಯಬೇಕಾದದ್ದು ತಳದ ಬೆರಳೆಣಿಕೆಯಷ್ಟು ಫಂಕ್ಷನ್‌ಗಳನ್ನು. ಕಷ್ಟವಿರುವುದು ಅವುಗಳ ಸಂಖ್ಯೆಯಲ್ಲಲ್ಲ, ಯಂತ್ರದೊಳಗೆ ಆಗಲೇ ಕುಳಿತಿರುವ ಬೇಸಿಕ್ ಭಾಷೆಯ ವ್ಯವಸ್ಥೆಯೊಂದಿಗೆ ಅವು ಮಾಡಿಕೊಳ್ಳಬೇಕಾದ ಒಪ್ಪಂದದಲ್ಲಿ.

ಮೊದಲು ಜಾಗದ ವಿಚಾರ. 1982ರಲ್ಲಿ ಕೇಂಬ್ರಿಜ್‌ನ ಸಿಂಕ್ಲೇರ್ ರಿಸರ್ಚ್ ಹೊರತಂದ ಈ ಕಂಪ್ಯೂಟರ್‌ನಲ್ಲಿ ವಿಳಾಸ 0ರಿಂದ 16383ರವರೆಗೆ ರೋಮ್ ಇದೆ, ಅಂದರೆ ಬೇಸಿಕ್ ಅಚ್ಚಾಗಿ ಕುಳಿತಿರುವ, ಬದಲಿಸಲಾಗದ ಮೆಮರಿ. 16384ರಿಂದ 6144 ಬೈಟ್ ಚಿತ್ರಕ್ಕೆ, ಆಮೇಲಿನ 768 ಬೈಟ್ ಬಣ್ಣಕ್ಕೆ ಮೀಸಲು. 23552ರಿಂದ ರೋಮ್‌ನ ಸ್ವಂತ ಟಿಪ್ಪಣಿಗಳಾದ ಸಿಸ್ಟಂ ವೇರಿಯಬಲ್‌ಗಳು, ಅವುಗಳ ಆಚೆಗೆ ಬೇಸಿಕ್ ಪ್ರೋಗ್ರಾಂ. ಎಸ್‌ಡಿಸಿಸಿ ಜೊತೆಗೆ ಬರುವ ಆರಂಭಿಕ ಕೋಡ್ ತಾನು ವಿಳಾಸ 0ರಲ್ಲೇ ಇರುತ್ತೇನೆ ಎಂದು ಭಾವಿಸಿ ಬರೆದದ್ದು. ಸ್ಪೆಕ್ಟ್ರಮ್‌ನಲ್ಲಿ ಆ ಜಾಗ ರೋಮ್‌ನ ಪಾಲಾಗಿರುವುದರಿಂದ ಆ ಆರಂಭಿಕ ಕೋಡನ್ನು ಕೈಬಿಟ್ಟು ಸ್ವಂತದ್ದನ್ನು ಬರೆಯಬೇಕು, ಕೋಡ್ ಮತ್ತು ಡೇಟಾ ಎರಡನ್ನೂ ಮೇಲಿನ ರ‍್ಯಾಮ್‌ನಲ್ಲಿ ಇಡಬೇಕು. 48 ಕೆ ಯಂತ್ರದಲ್ಲಿ 32768 ಒಳ್ಳೆಯ ಆರಂಭದ ವಿಳಾಸ. ಅದಕ್ಕಿಂತ ಕೆಳಗಿನ 16 ಕಿಲೋಬೈಟ್ ರ‍್ಯಾಮನ್ನು ಪರದೆ ಚಿತ್ರಿಸುವ ಯುಎಲ್‌ಎ ಚಿಪ್ ಕೂಡ ಓದುತ್ತಿರುವುದರಿಂದ ಅಲ್ಲಿ ಓಡುವ ಕೋಡ್ ಆಗಾಗ ಕಾಯಬೇಕಾಗುತ್ತದೆ, ವೇಗ ಕುಗ್ಗುತ್ತದೆ. ಬಳಕೆದಾರರ ಗ್ರಾಫಿಕ್ಸ್ ಅಕ್ಷರಗಳು 65368ರಿಂದ ಶುರುವಾಗುವುದರಿಂದ ಅಲ್ಲಿಯವರೆಗಿನ 32600 ಬೈಟ್‌ಗಳಲ್ಲಿ ಕೋಡ್, ವೇರಿಯಬಲ್‌ಗಳು ಮತ್ತು ಕೇಳಿದಾಗ ಮೆಮರಿ ಒದಗಿಸುವ ಮ್ಯಾಲಕ್ ಫಂಕ್ಷನ್ ಕೊಡುವ ಜಾಗ ಎಲ್ಲವೂ ಹಿಡಿಯಬೇಕು. ಬೇಸಿಕ್‌ನಲ್ಲಿ ಮೊದಲೇ ‘ಕ್ಲಿಯರ್ 32767’ ಎಂದು ಕೊಟ್ಟಿದ್ದರೆ ಸ್ಟ್ಯಾಕ್ (ಫಂಕ್ಷನ್‌ಗಳು ಹಿಂದಿರುಗುವ ವಿಳಾಸ ಮುಂತಾದವನ್ನು ಪೇರಿಸಿಡುವ ಜಾಗ) ಈ ಗಡಿಯ ಕೆಳಗೆ ಸರಿಯುತ್ತದೆ, ಬೇರೆ ಸ್ಟ್ಯಾಕ್ ಹುಡುಕಬೇಕಾಗಿಲ್ಲ.

ಆರಂಭಿಕ ಕೋಡ್‌ನ ಉಳಿದ ಕೆಲಸ ಸರಳ: ಆರಂಭಿಕ ಮೌಲ್ಯವಿರುವ ಗ್ಲೋಬಲ್ ವೇರಿಯಬಲ್‌ಗಳಿಗೆ ಆ ಮೌಲ್ಯಗಳನ್ನು ನಕಲಿಸುವುದು, ಉಳಿದವನ್ನು ಸೊನ್ನೆ ಮಾಡುವುದು, ಸ್ಟ್ಯಾಕ್ ಎಲ್ಲಿದೆ ಎಂದು ಬರೆದಿಟ್ಟುಕೊಂಡು ಮೇನ್ ಅನ್ನು ಕರೆಯುವುದು. ಸ್ಟ್ಯಾಕ್‌ನ ಆ ಟಿಪ್ಪಣಿ ಇದ್ದರೆ ಮಾತ್ರ ಎಷ್ಟೇ ಆಳದ ಫಂಕ್ಷನ್‌ನಿಂದ ಎಕ್ಸಿಟ್ ಕರೆದರೂ ಬೇಸಿಕ್‌ಗೆ ಸುರಕ್ಷಿತವಾಗಿ ಹಿಂದಿರುಗಬಹುದು.

ಇನ್ನು ಅಕ್ಷರ ಮುದ್ರಿಸುವ ಮಾತು. ಪ್ರಿಂಟ್‌ಎಫ್ ಎಷ್ಟೇ ದೊಡ್ಡದಾಗಿದ್ದರೂ ಕೊನೆಗೆ ಒಂದೊಂದೇ ಅಕ್ಷರವನ್ನು ಪುಟ್‌ಚಾರ್‌ಗೆ ಒಪ್ಪಿಸುತ್ತದೆ, ಮತ್ತು ಎಸ್‌ಡಿಸಿಸಿಯಲ್ಲಿ ಪುಟ್‌ಚಾರ್ ಬರೆಯುವ ಹೊಣೆ ಬಳಸುವವರದು. ಸ್ಪೆಕ್ಟ್ರಮ್ ರೋಮ್‌ನಲ್ಲಿ ಇದಕ್ಕೆ ಸಿದ್ಧ ದಾರಿಯಿದೆ: ಪ್ರೊಸೆಸರ್‌ನ ಒಳಗಿನ ಪುಟ್ಟ ಸಂಗ್ರಹಗಳಾದ ರಿಜಿಸ್ಟರ್‌ಗಳಲ್ಲಿ ಎ ಎಂಬುದರಲ್ಲಿ ಅಕ್ಷರವಿಟ್ಟು, ರೀಸ್ಟಾರ್ಟ್ ಎಂಬ ಆಜ್ಞೆಯಿಂದ ವಿಳಾಸ 16ರ ರೊಟೀನನ್ನು ಕರೆದರೆ ಅದು ಪರದೆಯ ಮೇಲೆ ಮೂಡುತ್ತದೆ. ಅದಕ್ಕೆ ಮೊದಲು, ಒಮ್ಮೆ ಮಾತ್ರ, ಎ ರಿಜಿಸ್ಟರ್‌ನಲ್ಲಿ 2 ಇಟ್ಟು 5633ನೇ ವಿಳಾಸದ ರೊಟೀನನ್ನು ಕರೆದು ಮೇಲಿನ ಪರದೆಯನ್ನು ಆರಿಸಿಕೊಳ್ಳಬೇಕು, ಇಲ್ಲವಾದರೆ ಅಕ್ಷರಗಳು ಕೆಳಗಿನ ಎರಡು ಸಾಲುಗಳಲ್ಲಿ ಹೋಗಿ ಬೀಳಬಹುದು. ಪುಟ್‌ಚಾರ್‌ಗೆ ಅಕ್ಷರ ಎಲ್ಲಿಂದ ಬರುತ್ತದೆ ಎಂಬುದರಲ್ಲಿ ಎಚ್ಚರ ಬೇಕು. ಹಳೆಯ ಎಸ್‌ಡಿಸಿಸಿಯಲ್ಲಿ ಅದು ಸ್ಟ್ಯಾಕ್‌ನ ಮೇಲೆ ಇರುತ್ತಿತ್ತು, 4.2 ಆವೃತ್ತಿಯಿಂದ ಮೊದಲ 16 ಬಿಟ್ ಮೌಲ್ಯ ಎಚ್‌ಎಲ್ ರಿಜಿಸ್ಟರ್‌ನಲ್ಲಿ ಬರುತ್ತದೆ, ಉತ್ತರವನ್ನು ಡಿಇಯಲ್ಲಿ ಕೊಡಬೇಕು. ಇಂಟರ್‌ನೆಟ್‌ನಲ್ಲಿ ಸಿಗುವ ಅನೇಕ ಹಳೆಯ ಪುಟ್‌ಚಾರ್‌ಗಳು ಈಗ ಕಸ ಮುದ್ರಿಸುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಅಕ್ಷರ ಎ ರಿಜಿಸ್ಟರ್‌ಗೆ ಬಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಸಿ ಭಾಷೆಯ ಹೊಸ ಸಾಲಿನ ಗುರುತು ಇಲ್ಲಿ 10, ಸ್ಪೆಕ್ಟ್ರಮ್‌ನದು 13. ಹೀಗಾಗಿ 10 ಕಂಡಲ್ಲಿ 13 ಕಳಿಸಬೇಕು. 16ರಿಂದ 23ರವರೆಗಿನ ಸಂಕೇತಗಳು ಬಣ್ಣ, ಸ್ಥಾನ ಮುಂತಾದ ಆಜ್ಞೆಗಳು. ಅವು ತಮ್ಮ ಹಿಂದೆ ಬರುವ ಒಂದೆರಡು ಬೈಟ್‌ಗಳನ್ನೂ ನುಂಗುತ್ತವೆ. 165ರಿಂದ ಮೇಲಿನ ಸಂಖ್ಯೆಗಳು ಅಕ್ಷರಗಳೇ ಅಲ್ಲ, ಬೇಸಿಕ್‌ನ ಇಡೀ ಪದಗಳು. ಇದರ ತಮಾಷೆಯನ್ನು ನೋಡಬೇಕೆಂದರೆ ಇಂದಿನ ಎಡಿಟರ್‌ನಲ್ಲಿ ಪ್ರಿಂಟ್‌ಎಫ್ ಒಳಗೆ ‘ಅ’ ಎಂದು ಕನ್ನಡದಲ್ಲೇ ಬರೆದು ಓಡಿಸಿ. ಇಂದಿನ ಅಕ್ಷರ ಸಂಕೇತ ಪದ್ಧತಿಯಾದ ಯುಟಿಎಫ್-8ರಲ್ಲಿ ಆ ಅಕ್ಷರ 224, 178, 133 ಎಂಬ ಮೂರು ಬೈಟ್. ರೋಮ್ ಮೊದಲನೆಯದನ್ನು ‘ಎಲ್‌ಪ್ರಿಂಟ್’ ಎಂದೂ, ಎರಡನೆಯದನ್ನು ‘ಸೈನ್’ ಎಂದೂ ಬಿಡಿಸಿ ಬರೆದು, ಮೂರನೆಯದಕ್ಕೆ ಒಂದು ಕಪ್ಪು ಬಿಳುಪಿನ ಚೌಕವನ್ನು ಇಡುತ್ತದೆ. ಕನ್ನಡದ ಎಲ್ಲ ಅಕ್ಷರಗಳೂ 224ರಿಂದಲೇ ಆರಂಭವಾಗುವುದರಿಂದ ಒಂದು ವಾಕ್ಯ ಬರೆದರೆ ಪರದೆಯ ತುಂಬ ಎಲ್‌ಪ್ರಿಂಟ್‌ಗಳ ಸಾಲು.

ಪರದೆ ತುಂಬಿದಾಗ ರೋಮ್ ತಾನಾಗಿಯೇ ನಿಂತು ‘ಸ್ಕ್ರೋಲ್?’ ಎಂದು ಕೇಳುತ್ತದೆ. ಆಗ ಬಳಕೆದಾರರು ಬೇಡ ಎಂಬ ಕೀಲಿ ಒತ್ತಿದರೆ ಅದು ಬೇಸಿಕ್‌ನ ದೋಷವಾಗಿ ಪರಿಣಮಿಸಿ, ನಮ್ಮ ಪ್ರೋಗ್ರಾಂಗೆ ಒಂದು ಮಾತೂ ಹೇಳದೆ ನಿಯಂತ್ರಣ ಬೇಸಿಕ್‌ಗೆ ಹಾರಿಬಿಡುತ್ತದೆ. ಮುದ್ರಿಸುವ ಮೊದಲು ಪ್ರತಿ ಬಾರಿ 23692ನೇ ವಿಳಾಸದಲ್ಲಿ 255 ಬರೆದರೆ ಈ ಪ್ರಶ್ನೆ ಬರುವುದಿಲ್ಲ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಐವೈ ರಿಜಿಸ್ಟರ್. ಅದು ಸದಾ 23610 ಎಂಬ ವಿಳಾಸವನ್ನು ಹಿಡಿದಿರುತ್ತದೆ ಎಂಬ ನಂಬಿಕೆಯ ಮೇಲೆ ರೋಮ್ ನಿಂತಿದೆ. ನಡೆಯುತ್ತಿರುವ ಕೆಲಸವನ್ನು ಅರೆಕ್ಷಣ ತಡೆದು ಸೆಕೆಂಡಿಗೆ 50 ಬಾರಿ ಬರುವ ಇಂಟರಪ್ಟ್‌ನಲ್ಲಿ ರೋಮ್ ಮೂರು ಬೈಟ್‌ನ ಒಂದು ಎಣಿಕೆಯನ್ನು ಹೆಚ್ಚಿಸಿ, ಆಮೇಲೆ ಕೀಬೋರ್ಡನ್ನು ನೋಡುತ್ತದೆ. ಎಣಿಕೆಯ ಕೆಳಗಿನ ಎರಡು ಬೈಟ್‌ಗಳನ್ನು ಅದು ನೇರ ವಿಳಾಸದಿಂದ ಮುಟ್ಟುತ್ತದೆ. ಮೂರನೆಯದನ್ನು ಮಾತ್ರ ಐವೈಯಿಂದ 64 ಬೈಟ್ ಮುಂದೆ ಎಂದು ಲೆಕ್ಕ ಹಾಕಿ ಹೆಚ್ಚಿಸುತ್ತದೆ. ಎರಡು ಬೈಟ್ ತುಂಬಿ ಉರುಳಲು 65536 ಇಂಟರಪ್ಟ್ ಬೇಕು, ಅಂದರೆ ಸುಮಾರು 22 ನಿಮಿಷ. ಕೀಲಿ ಒತ್ತಿದಾಗಲೂ ಒಂದು ಗುರುತನ್ನು ಐವೈ ಮೂಲಕವೇ ಬರೆಯಲಾಗುತ್ತದೆ. ಈಗ ಕಂಪೈಲರ್ ಐವೈಯನ್ನು ತನ್ನ ಪಾಯಿಂಟರ್ ಆಗಿ ಬಳಸಿಕೊಂಡಿದೆ ಎಂದುಕೊಳ್ಳಿ. ಕೀಲಿ ಮುಟ್ಟದೆ ಇದ್ದರೆ ಪ್ರೋಗ್ರಾಂ ಇಪ್ಪತ್ತು ನಿಮಿಷ ಸರಿಯಾಗಿಯೇ ಓಡುತ್ತದೆ, ಆಮೇಲೆ ಎಲ್ಲೋ ಒಂದು ಬೈಟ್ ತಾನಾಗಿ ಬದಲಾಗುತ್ತದೆ; ಅಥವಾ ಒಂದು ಕೀಲಿ ಒತ್ತಿದ ಕ್ಷಣದಲ್ಲಿ ಅರೇಯೊಂದರ ಒಂದು ಬಿಟ್ ಹಾಳಾಗುತ್ತದೆ. ಇಂಥ ದೋಷವನ್ನು ಸಿ ಕೋಡ್ ಓದಿ ಯಾರೂ ಹಿಡಿಯಲಾರರು. ಪರಿಹಾರಕ್ಕೆ ಎರಡು ದಾರಿಗಳಿವೆ. ಐವೈ ಬಳಸಬೇಡ ಎಂದು ಹೇಳುವ ಆಯ್ಕೆ ಎಸ್‌ಡಿಸಿಸಿಯಲ್ಲಿದೆ. ರೋಮ್ ನೆರವು ಬೇಕಿದ್ದವರು ಅದನ್ನು ಕೊಡಬೇಕು, ಜೊತೆಗೆ ಲೈಬ್ರರಿಯನ್ನೂ ಅದೇ ಆಯ್ಕೆಯೊಂದಿಗೆ ಮತ್ತೆ ಕಂಪೈಲ್ ಮಾಡಬೇಕು. ಆಟ ಬರೆಯುವವರು ರೋಮ್‌ನ ಇಂಟರಪ್ಟನ್ನೇ ಬಿಟ್ಟು ತಮ್ಮದನ್ನು ಇಟ್ಟುಕೊಳ್ಳುವುದು ವಾಸಿ.

ಕೀಬೋರ್ಡ್ ಓದುವ ಗೆಟ್‌ಚಾರ್ ಕೂಡ ಇದೇ ಇಂಟರಪ್ಟನ್ನು ನೆಚ್ಚಿಕೊಂಡಿದೆ: 23611ರ ಐದನೇ ಬಿಟ್ (ಎಣಿಕೆ ಸೊನ್ನೆಯಿಂದ) ಏಳುವವರೆಗೆ ಕಾದು, 23560ರಲ್ಲಿರುವ ಕೀಲಿಯನ್ನು ತೆಗೆದುಕೊಂಡು, ಬಿಟ್ಟನ್ನು ಇಳಿಸುವುದು. ಇಲ್ಲಿ 13 ಬಂದರೆ 10 ಆಗಿ, ಅಳಿಸುವ ಕೀಲಿಯ 12 ಬಂದರೆ 8 ಆಗಿ ಬದಲಿಸಿ ಕೊಡಬೇಕು. ಕಾಲ ಅಳೆಯುವ ಕ್ಲಾಕ್ ಫಂಕ್ಷನ್‌ಗೆ 23672ರ ಎಣಿಕೆಯೇ ಆಧಾರ, ಸೆಕೆಂಡಿಗೆ 50. ಬೀಪ್ ಶಬ್ದ ಬರುವಾಗ ಮತ್ತು ಟೇಪ್ ಓಡುವಾಗ ರೋಮ್ ಇಂಟರಪ್ಟ್ ನಿಲ್ಲಿಸುವುದರಿಂದ ಆ ಗಡಿಯಾರವೂ ನಿಲ್ಲುತ್ತದೆ. ದಿನಾಂಕ ಹೇಳುವ ಟೈಮ್ ಫಂಕ್ಷನ್‌ಗೆ ಯಂತ್ರದಲ್ಲಿ ಆಧಾರವೇ ಇಲ್ಲ. ದೋಷವೆಂದು ಮೈನಸ್ ಒಂದನ್ನು ಹಿಂದಿರುಗಿಸುವುದೇ ಪ್ರಾಮಾಣಿಕತೆ.

ಫೈಲ್‌ಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಟೇಪ್ ಮಾತ್ರ ಇರುವ ಯಂತ್ರದಲ್ಲಿ ಎಫ್‌ಓಪನ್ ಬರೆಯಲು ಹೊರಡಬಾರದು. ಹಿಂದಕ್ಕೆ ಮುಂದಕ್ಕೆ ಸರಿದು ಓದುವುದು ಕ್ಯಾಸೆಟ್‌ನಲ್ಲಿ ಆಗದ ಮಾತು. ಮೆಮರಿಯ ಒಂದು ತುಂಡನ್ನು ಉಳಿಸುವ, ಮತ್ತೆ ತುಂಬುವ ಎರಡು ಫಂಕ್ಷನ್ ಬರೆದು, ರೋಮ್‌ನ 1218 ಮತ್ತು 1366ನೇ ವಿಳಾಸದ ರೊಟೀನ್‌ಗಳನ್ನು ಕರೆದರೆ ಸಾಕು. ಅವುಗಳಿಗೆ ವಿಳಾಸವನ್ನು ಐಎಕ್ಸ್‌ನಲ್ಲಿ ಕೊಡಬೇಕು; ಎಸ್‌ಡಿಸಿಸಿ ತನ್ನ ಸ್ಟ್ಯಾಕ್ ಫ್ರೇಮ್ ಹಿಡಿಯುವುದೂ ಅದೇ ಐಎಕ್ಸ್‌ನಲ್ಲಿ ಆದ್ದರಿಂದ ಕರೆಯುವ ಮೊದಲು ಅದನ್ನು ಉಳಿಸಿಟ್ಟುಕೊಳ್ಳಬೇಕು.

ದಶಮಾಂಶ ಸಂಖ್ಯೆಗಳ ಆಸೆಯೂ ಬೇಡ. ರೋಮ್‌ನ ಸಂಖ್ಯೆ 5 ಬೈಟ್‌ನದು, ಕಂಪೈಲರ್‌ನದು 4 ಬೈಟ್‌ನದು. ಒಂದರಿಂದ ಇನ್ನೊಂದಕ್ಕೆ ಬದಲಿಸುತ್ತಲೇ ಸಮಯ ಕಳೆಯುತ್ತದೆ. ಎಸ್‌ಡಿಸಿಸಿಯ ಸಾಮಾನ್ಯ ಪ್ರಿಂಟ್‌ಎಫ್ ಅಂತೂ ದಶಮಾಂಶ ಸಂಖ್ಯೆಯ ಜಾಗದಲ್ಲಿ ‘ನೋ ಫ್ಲೋಟ್’ ಎಂದು ಬರೆದು ಕೈತೊಳೆದುಕೊಳ್ಳುತ್ತದೆ.

ಕೊನೆಯ ಹೆಜ್ಜೆ ಹಿಂದಿರುಗುವಿಕೆ. ಯಂತ್ರದ ಕೋಡನ್ನು ಕರೆಯುವ ಬೇಸಿಕ್‌ನ ಯುಎಸ್‌ಆರ್ ಫಂಕ್ಷನ್ ಉತ್ತರವನ್ನು ‘ಬಿಸಿ’ (BC) ಎಂಬ ರಿಜಿಸ್ಟರ್‌ನಲ್ಲಿ ಹುಡುಕುತ್ತದೆ, ಹೊಸ ಎಸ್‌ಡಿಸಿಸಿಯ ಮೇನ್ ಅದನ್ನು ಡಿಇಯಲ್ಲಿ ಬಿಟ್ಟಿರುತ್ತದೆ. ಹಾಗಾಗಿ ಡಿಇಯನ್ನು ಬಿಸಿಗೆ ಸಾಗಿಸಬೇಕು. ಐವೈಗೆ 23610 ಮರಳಿಸಬೇಕು, ನಿಮ್ಮ ಅಸೆಂಬ್ಲಿ ಕೋಡ್ ಪರ್ಯಾಯ ರಿಜಿಸ್ಟರ್‌ಗಳನ್ನು ಮುಟ್ಟಿದ್ದರೆ ಪರ್ಯಾಯ ಎಚ್‌ಎಲ್‌ಗೆ 10072 ತುಂಬಬೇಕು, ಇಂಟರಪ್ಟ್ ನಿಲ್ಲಿಸಿದ್ದರೆ ಮತ್ತೆ ಆರಂಭಿಸಬೇಕು. ಇಷ್ಟಾದ ಮೇಲೆ ಬೇಸಿಕ್‌ನಲ್ಲಿ ‘ಪ್ರಿಂಟ್ ಯುಎಸ್‌ಆರ್ 32768’ ಎಂದು ಕೊಟ್ಟರೆ ಮೇನ್ ಕೊಟ್ಟ ಸಂಖ್ಯೆ ಪರದೆಯ ಮೇಲೆ ಕಾಣುತ್ತದೆ. ಪರೀಕ್ಷೆಗೆ ಮೊದಲು ಮೇನ್‌ನಿಂದ 42 ಹಿಂದಿರುಗಿಸಿ ನೋಡಿ, ಪ್ರಿಂಟ್‌ಎಫ್ ಆಮೇಲೆ ಸೇರಿಸಿ. ಇದಾವುದೂ ಬೇಡ, ಆಟ ಬರೆದರೆ ಸಾಕು ಎನ್ನುವವರಿಗೆ ಝಡ್88ಡಿಕೆ ಎಂಬ ಕಿಟ್‌ನಲ್ಲಿ ಸ್ಪೆಕ್ಟ್ರಮ್‌ಗಾಗಿ ಹೊಂದಿಸಿದ ಲೈಬ್ರರಿ ಸಿದ್ಧವಾಗಿದೆ.