ಲ್ಯಾಮಿಂಗ್ಟನ್ ರೋಡಿಗೆ ಹೋಗುವ ಮೊದಲು

ಮುಂಬೈ ಮಾಟುಂಗದ ಒಂದು ಉಡುಪಿ ಹೋಟೆಲ್‌ನಿಂದ ಹೋದ ತಿಂಗಳು ಫೋನ್ ಬಂತು. "ಬಿಲ್ಲಿಂಗ್ ಕಂಪ್ಯೂಟರ್ ಆನ್ ಆಗುವಷ್ಟರಲ್ಲಿ ಗಿರಾಕಿಗಳ ಸಾಲು ನಿಲ್ತದೆ ಮಾರಾಯ್ರೆ. ಲ್ಯಾಮಿಂಗ್ಟನ್ ರೋಡಿನ ಕಂಪ್ಯೂಟರ್ ಅಂಗಡಿಯವ ಹೊಸತೇ ತಗೊಳ್ಳಿ ಅಂತಾನೆ" ಅಂದರು ಮಾಲೀಕರು.

ಹೋಗಿ ಕೂತು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದೆ. ಟಾಸ್ಕ್ ಮ್ಯಾನೇಜರ್ ತೆರೆಯಿತು. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಎಲ್ಲ ಇತ್ತು. ಪ್ರೊಸೆಸರ್ ಇಂಟೆಲ್‌ನ ಐ3-8100. ರ್‍ಯಾಮ್ (ಓಡುವ ಪ್ರೋಗ್ರಾಂಗಳಿಗೆ ಬೇಕಾದ ಮೆಮೊರಿ) 4 ಜಿಬಿ, ಅದನ್ನು ಕೂರಿಸುವ ಎರಡು ಸ್ಲಾಟ್‌ಗಳಲ್ಲಿ ಒಂದು ಖಾಲಿ. ಡಿಸ್ಕ್ ಕೆಳಗೆ 'ಎಚ್‌ಡಿಡಿ'. ಅಂದರೆ ತಿರುಗುವ ಹಳೇ ಹಾರ್ಡ್ ಡಿಸ್ಕ್. ನಾಲ್ಕು ಕೋರ್‌ನ, ಅಂದರೆ ಲೆಕ್ಕ ಮಾಡುವ ನಾಲ್ಕು ಘಟಕಗಳ, ಆ ಪ್ರೊಸೆಸರ್ ಬಿಲ್ ಹಾಕೋಕೆ ಧಾರಾಳ ಸಾಕು. ಒಂದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್), ಇನ್ನೊಂದು ರ್‍ಯಾಮ್ ಹಾಕಿದೆವು. ಅದೇ ಕಂಪ್ಯೂಟರ್ ಈಗಲೂ ಗಲ್ಲಾದ ಮೇಲಿದೆ.

ಇಷ್ಟು ತಿಳಿಯೋಕೆ ಸ್ಕ್ರೂಡ್ರೈವರ್ ಕೂಡ ಬೇಡ. ಆದರೂ ಜನ ಸುಮ್ನೆ ಸ್ಟಿಕ್ಕರ್ ನಂಬುತ್ತಾರೆ. ಅದರಲ್ಲೂ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವ ಹುಡುಗರು 'ಐ7' ಅಂತ ಕಂಡರೆ ಸಾಕು, ದುಡ್ಡು ಕೊಟ್ಟುಬಿಡುತ್ತಾರೆ. ನೋಡಬೇಕಾದ್ದು ಅದರ ಮುಂದಿನ ಸಂಖ್ಯೆ. ಐ7-3520ಎಂ ಅಂದರೆ ಮೂರನೇ ಪೀಳಿಗೆ, 2012ರದ್ದು, ಎರಡೇ ಕೋರ್. ಐ5-8250ಯು ಎಂಟನೇ ಪೀಳಿಗೆ, ನಾಲ್ಕು ಕೋರ್. ಇಲ್ಲಿ ಐ5ನೇ ಮೇಲು. ವಿಂಡೋಸ್ 11 ಕೂಡ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ಪೀಳಿಗೆಯಿಂದ ಮೇಲಿನದನ್ನೇ ಕೇಳುತ್ತದೆ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಹಾಗಾಗಿ ಈ ಸಂಖ್ಯೆಗೆ ಈಗ ಬೆಲೆ ಜಾಸ್ತಿ. ಹಳೇ ಲ್ಯಾಪ್‌ಟಾಪ್ ಆದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿ. ಡಿಸ್ಕ್ ಎಷ್ಟು ಗಂಟೆ ಓಡಿದೆ ಅಂತ ಅದು ತೋರಿಸುತ್ತದೆ.

ರ್‍ಯಾಮ್ ವಿಷಯದಲ್ಲಿ ಜನ ಹೆಚ್ಚು ಎಡವುತ್ತಾರೆ. ಡಿಡಿಆರ್ ಅನ್ನೋದು ಅದರ ಬಗೆ, ಮುಂದಿನ ಅಂಕಿ ಪೀಳಿಗೆ. ಡಿಡಿಆರ್3 ಸ್ಲಾಟ್‌ಗೆ ಡಿಡಿಆರ್4 ಕೂರುವುದಿಲ್ಲ, ಎರಡರ ಕಚ್ಚಿನ ಜಾಗವೇ ಬೇರೆ. ಒತ್ತಿ ಕೂರಿಸಲು ಹೋದರೆ ಸ್ಲಾಟೇ ಮುರಿಯುತ್ತದೆ. ಡೆಸ್ಕ್‌ಟಾಪ್‌ನದು ಉದ್ದ, ಲ್ಯಾಪ್‌ಟಾಪ್‌ನದು ಗಿಡ್ಡ. ಯಾವ ಡಿಡಿಆರ್ ಅಂತ ಸಿಪಿಯು-ಝಡ್ ಅನ್ನೋ ಉಚಿತ ಸಾಫ್ಟ್‌ವೇರ್‌ನ ಮೆಮೊರಿ ಪುಟ ನೇರವಾಗಿ ಹೇಳುತ್ತದೆ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ಗಮನಿಸಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಫಾರ್ಮ್ ಫ್ಯಾಕ್ಟರ್ ಎದುರು 'ರೋ ಆಫ್ ಚಿಪ್ಸ್' ಅಂತಿದ್ದರೆ ಆ ರ್‍ಯಾಮ್ ಮದರ್‌ಬೋರ್ಡಿಗೇ ಬೆಸೆದದ್ದು, ಅದನ್ನು ಬಿಚ್ಚಿ ಬದಲಿಸೋಕೆ ಆಗುವುದಿಲ್ಲ. ಬೇರೆ ಖಾಲಿ ಸ್ಲಾಟ್ ಇದೆಯಾ ಅಂತ ಖಚಿತ ಮಾಡಿಕೊಳ್ಳದೆ ಅದಕ್ಕೆ ರ್‍ಯಾಮ್ ಕೊಳ್ಳಬೇಡಿ.

ಮದರ್‌ಬೋರ್ಡಿಗೇ ನೇರ ಕೂರುವ ಚಪ್ಪಟೆ ಎಂ.2 ಎಸ್‌ಎಸ್‌ಡಿಯಲ್ಲೂ ಎರಡು ಬಗೆ, ಸಾಟಾ ಮತ್ತು ಎನ್‌ವಿಎಂಇ. ನೋಡೋಕೆ ಹೆಚ್ಚುಕಮ್ಮಿ ಒಂದೇ ಥರ, ಅಲ್ವಾ? ಆದರೆ ಎಲ್ಲ ಬೋರ್ಡ್‌ಗಳೂ ಎರಡನ್ನೂ ಒಪ್ಪುವುದಿಲ್ಲ. ಅದಕ್ಕೇ ಸ್ಟಾರ್ಟ್ ಮೆನುವಿನಲ್ಲಿ 'ಸಿಸ್ಟಮ್ ಇನ್ಫರ್ಮೇಷನ್' ತೆರೆದು ಬೇಸ್‌ಬೋರ್ಡ್ (ಅಂದರೆ ಮದರ್‌ಬೋರ್ಡ್) ಪ್ರಾಡಕ್ಟ್ ಎದುರಿನ ಮಾಡೆಲ್ ನೋಡಿಕೊಳ್ಳಿ. ಮೊಬೈಲ್‌ನಲ್ಲಿ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಗ್ರಾಂಟ್ ರೋಡ್ ಸ್ಟೇಷನ್ನಿಂದ ನಡೆದು ಲ್ಯಾಮಿಂಗ್ಟನ್ ರೋಡಿನ ಅಂಗಡಿಗೆ ಹೋದಾಗ ಮೊದಲು ಆ ಫೋಟೊ ತೋರಿಸಿ, ಆಮೇಲೆ ರೇಟು ಕೇಳಿ.