ವರ್ಜರ್ ಅಂದರೆ ಚಿಕ್ಕ ಪಾದ್ರಿಯೇ?

ಪ್ರಶ್ನೆ: ಇಂಗ್ಲೆಂಡಿನ ದೊಡ್ಡ ಚರ್ಚುಗಳಲ್ಲಿ ಕಪ್ಪು ನಿಲುವಂಗಿ ತೊಟ್ಟು, ಕೋಲು ಹಿಡಿದು ಮೆರವಣಿಗೆಯ ಮುಂದೆ ನಡೆಯುವವರನ್ನು ವರ್ಜರ್ ಅನ್ನುತ್ತಾರೆ. ಅವರು ಪಾದ್ರಿಯಾಗಲು ತರಬೇತಿ ಪಡೆಯುತ್ತಿರುವವರೇ?

ಅಲ್ಲ. ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. 2022ರಲ್ಲಿ ರಾಣಿ ಎಲಿಜಬೆತ್ ಅವರ ಅಂತ್ಯಕ್ರಿಯೆ ಟಿವಿಯಲ್ಲಿ ಬಂದಾಗಲೂ ಇದೇ ಪ್ರಶ್ನೆ, ಮರುವರ್ಷ ಚಾರ್ಲ್ಸ್ ಪಟ್ಟಾಭಿಷೇಕ ಆದಾಗಲೂ ಇದೇ ಪ್ರಶ್ನೆ. ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ವರ್ಜರ್ ಪಾದ್ರಿಯಲ್ಲ, ಅರ್ಧ ಪಾದ್ರಿಯೂ ಅಲ್ಲ. ಆಂಗ್ಲಿಕನ್ ಚರ್ಚಿನಲ್ಲಿ, ಅಂದರೆ ಇಂಗ್ಲೆಂಡಿನಲ್ಲಿ ಬೆಳೆದ ಕ್ರೈಸ್ತ ಪಂಥದಲ್ಲಿ, ಬಿಷಪ್ ತಲೆಯ ಮೇಲೆ ಕೈಯಿಟ್ಟು ದೀಕ್ಷೆ ಕೊಟ್ಟರೆ ಮಾತ್ರ ಒಬ್ಬರು ಪಾದ್ರಿಯಾಗುತ್ತಾರೆ. ವರ್ಜರ್ ಕೆಲಸಕ್ಕೆ ಆ ದೀಕ್ಷೆ ಬೇಕಿಲ್ಲ. ಯೇಸುವಿನ ಕೊನೆಯ ಭೋಜನವನ್ನು ನೆನೆಯುವ ಪೂಜೆಯಲ್ಲಿ ಅವರು ರೊಟ್ಟಿ, ದ್ರಾಕ್ಷಾರಸವನ್ನು ಪವಿತ್ರಗೊಳಿಸುವಂತಿಲ್ಲ. ಪಾಪಕ್ಷಮೆ ಸಾರುವಂತಿಲ್ಲ. ಹೆಸರಿನ ಮುಂದೆ ರೆವರೆಂಡ್ ಅಂತ ಬರುವುದಿಲ್ಲ. ಇಪ್ಪತ್ತು ವರ್ಷ ಕೋಲು ಹಿಡಿದರೂ ಬಡ್ತಿ ಸಿಕ್ಕಿ ಪಾದ್ರಿ ಆಗುವುದಿಲ್ಲ, ಅದರ ದಾರಿಯೇ ಬೇರೆ.

"ಮತ್ತೆ ಆ ನಿಲುವಂಗಿ?" ಅಂತ ತಕ್ಷಣ ಕೇಳುತ್ತೀರಿ. ಸ್ವಲ್ಪ ಯೋಚಿಸಿ. ಅದೇ ಚರ್ಚಿನಲ್ಲಿ ಹಾಡುವ ಎಂಟು ವರ್ಷದ ಮಕ್ಕಳೂ ಕ್ಯಾಸಕ್ ಅನ್ನುವ ಅಂಥದೇ ನಿಲುವಂಗಿ ಹಾಕಿರುತ್ತಾರೆ. ಅವರನ್ನು ಯಾರೂ ಪಾದ್ರಿ ಅನ್ನುವುದಿಲ್ಲ, ಅಲ್ವಾ? ನಿಲುವಂಗಿ ಬರೀ ಸೇವೆಯ ಉಡುಪು. ನೋಡಬೇಕಾದ್ದು ಹೆಗಲಿನಿಂದ ಇಳಿಬಿಟ್ಟ ಉದ್ದ ಪಟ್ಟಿಯನ್ನು, ಅಂದರೆ ಸ್ಟೋಲನ್ನು. ಅದು ದೀಕ್ಷೆ ಪಡೆದವರದು. ವರ್ಜರ್ ಮೈಮೇಲೆ ಅದು ಇರುವುದಿಲ್ಲ. ಮುಂದಿನ ಸಲ ಟಿವಿ ನೋಡುವಾಗ ಗಮನಿಸಿ.

ದಯವಿಟ್ಟು ಉಪಪಾದ್ರಿ ಅಂತಲೂ ಬರೆಯಬೇಡಿ. ನಮ್ಮಲ್ಲಿ ಹೋಲಿಕೆ ಹುಡುಕಿದರೆ ದೇವಸ್ಥಾನದ ಪರಿಚಾರಕರನ್ನೂ ಅರಮನೆಯ ಚೋಪದಾರರನ್ನೂ ಒಬ್ಬರಲ್ಲೇ ಸೇರಿಸಬೇಕು. ಬೆಳಗ್ಗೆ ಬಾಗಿಲು ತೆಗೆಯುವುದು, ಮೇಣದಬತ್ತಿ, ಬಟ್ಟೆ, ಪಾತ್ರೆ ಅಣಿಮಾಡುವುದು, ಓದಬೇಕಾದ ಪುಟ ತೆರೆದಿಡುವುದು, ಮೈಕ್ ನೋಡುವುದು, ರಾತ್ರಿ ಬೀಗ ಹಾಕುವುದು, ಇವೆಲ್ಲ ಪರಿಚಾರಕರ ಪಾಲು. ಚೋಪದಾರರ ಪಾಲನ್ನು ಸಂಜೆಯ ಈವನ್‌ಸಾಂಗ್ ಪ್ರಾರ್ಥನೆಯಲ್ಲಿ ನೋಡಬೇಕು. ಬೈಬಲ್ ಓದುವವರ ಆಸನದ ಬಳಿ ವರ್ಜರ್ ಹೋಗಿ ನಿಲ್ಲುತ್ತಾರೆ, ತಲೆಬಾಗುತ್ತಾರೆ, ಓದುವ ಪೀಠದ ತನಕ ಮುಂದೆ ನಡೆದು ಬಿಟ್ಟುಬರುತ್ತಾರೆ. ಒಂದು ಮಾತೂ ಇಲ್ಲ, ಪರಾಕೂ ಇಲ್ಲ. ಗಡಿಬಿಡಿಯಿಲ್ಲದೆ ಹೀಗೆ ನಡೆಯುವುದೇ ಒಂದು ವಿದ್ಯೆ. ಈ ಕೆಲಸದವರಿಗೆ 1932ರಿಂದ ತಮ್ಮದೇ ಸಂಘವಿದೆ. ಹೆಣ್ಣುಮಕ್ಕಳೂ ವರ್ಜರ್ ಆಗಿದ್ದಾರೆ. ಸಣ್ಣ ಊರಿನ ಚರ್ಚುಗಳಲ್ಲಿ ಜಾಸ್ತಿ ಈ ಹುದ್ದೆಯೇ ಇರುವುದಿಲ್ಲ, ಸದಸ್ಯರೇ ಹಂಚಿಕೊಂಡು ಮಾಡುತ್ತಾರೆ.

ಹೆಸರು ಬಂದದ್ದು ಕೋಲಿನಿಂದಲೇ. ಲ್ಯಾಟಿನ್ನಿನಲ್ಲಿ ವಿರ್ಗಾ ಅಂದರೆ ಕೋಲು. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನವರು ಇವತ್ತಿಗೂ ಆ ಮೂಲಕ್ಕೆ ಹತ್ತಿರವಾಗಿ 'ವಿರ್ಜರ್' ಅಂತಲೇ ಬರೆಯುತ್ತಾರೆ. ಹಿಂದೆ ಚರ್ಚಿನೊಳಗೆ ಜನ, ಪ್ರಾಣಿ ಎಲ್ಲ ನುಗ್ಗುತ್ತಿದ್ದಾಗ ಮೆರವಣಿಗೆಗೆ ದಾರಿ ಬಿಡಿಸಲು ಈ ಕೋಲು ಬೇಕಿತ್ತು.

ಪ್ರಾಣಿ ಅಂದಾಗ ನೆನಪಾಯಿತು. ನಾಯಿ ಓಡಿಸಲು ಅಲ್ಲಿ ಎಷ್ಟೋ ಚರ್ಚುಗಳು ಬೇರೆ ಆಳನ್ನೇ ಇಟ್ಟಿದ್ದವು. ಇಲಿಗೆ ಏನು ಮಾಡುತ್ತಿದ್ದರು ಅಂತ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಇಂಗ್ಲೆಂಡಿನ ಎಕ್ಸಿಟರ್ ಊರಿನ ಕೆಥೆಡ್ರಲ್‌ನ ಹಳೆಯ ಲೆಕ್ಕಪತ್ರಗಳಲ್ಲಿ ಚರ್ಚು ನೋಡಿಕೊಳ್ಳುವವರ ಜೊತೆಗೆ ಬೆಕ್ಕಿನ ಹೆಸರಲ್ಲೂ ದುಡ್ಡು ಬರೆದಿದೆ. ಮೂರು ತಿಂಗಳಿಗೆ 13 ಪೆನ್ಸ್, ಅಂದರೆ ವಾರಕ್ಕೊಂದು ಪೆನ್ನಿ. ಅಲ್ಲಿನ ದೊಡ್ಡ ಗಡಿಯಾರದ ಕೆಳಗಿನ ಬಾಗಿಲಿನಲ್ಲಿ ಬೆಕ್ಕು ನುಸುಳಲು ಕೊರೆದ ದುಂಡನೆಯ ಕಂಡಿ ಈಗಲೂ ಇದೆ.