ಪಿಟಿಎಚ್: ರಕ್ತದ ಕ್ಯಾಲ್ಸಿಯಂ ಕಾಯುವ ಹಾರ್ಮೋನು

ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಕ್ಯಾಲ್ಸಿಯಂ 9.4 ಅಂತ ಬಂದಿದೆ. ಪಕ್ಕದಲ್ಲೇ ಸಾಮಾನ್ಯ ಮಟ್ಟ 8.5ರಿಂದ 10.5 ಅಂತ ಅಚ್ಚಾಗಿದೆ. ಸದ್ಯ, ಮೂಳೆ ಗಟ್ಟಿಯಾಗಿದೆ ಅಂತ ನಿರಾಳವಾಗುವವರು ಬಹಳ ಮಂದಿ. ಆದರೆ ಆ ಅಂಕಿ ಹೇಳುತ್ತಿರುವುದು ರಕ್ತದ ವಿಷಯ ಮಾತ್ರ. ಮೂಳೆ ಒಳಗೊಳಗೇ ಟೊಳ್ಳಾಗುತ್ತಿದ್ದರೂ ಅದು ಹಾಗೇ ಇರಬಹುದು. ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಪಿಟಿಎಚ್ ಅನ್ನುವ ಪದದ ಪರಿಚಯ ಬೇಕು.

ಪೂರ್ತಿ ಹೆಸರು ಪ್ಯಾರಾಥೈರಾಯ್ಡ್ ಹಾರ್ಮೋನು. ಗ್ರೀಕಿನಲ್ಲಿ 'ಪ್ಯಾರಾ' ಅಂದರೆ ಪಕ್ಕದ್ದು. ಕುತ್ತಿಗೆಯಲ್ಲಿ ಥೈರಾಯ್ಡ್ ಗ್ರಂಥಿಯ ಬೆನ್ನಿಗೆ ಅಂಟಿಕೊಂಡಂತೆ ಸಾಮಾನ್ಯವಾಗಿ ನಾಲ್ಕು ಪುಟ್ಟ ಗ್ರಂಥಿಗಳಿರುತ್ತವೆ. ಒಂದೊಂದೂ ಅಕ್ಕಿಕಾಳಿನಷ್ಟು. ಥೈರಾಯ್ಡಿಗೂ ಇವುಗಳ ಕೆಲಸಕ್ಕೂ ಸಂಬಂಧವಿಲ್ಲ, ಪಕ್ಕದಲ್ಲಿರುವುದರಿಂದ ಈ ಹೆಸರು ಬಂತು, ಅಷ್ಟೇ. ಎಷ್ಟೋ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ, ತಪ್ಪು ಅವರದ್ದಲ್ಲ, ಹೆಸರಿನದ್ದು.

ಇವು ಮೊದಲು ಕಣ್ಣಿಗೆ ಬಿದ್ದಿದ್ದು ಮನುಷ್ಯರಲ್ಲಿ ಅಲ್ಲ, ಘೇಂಡಾಮೃಗದಲ್ಲಿ. ಲಂಡನ್ ಮೃಗಾಲಯದಲ್ಲಿ ಸತ್ತ ಭಾರತದ ಘೇಂಡಾಮೃಗವೊಂದನ್ನು ಕೊಯ್ದು ನೋಡಿದ ಇಂಗ್ಲೆಂಡಿನ ಪ್ರಾಣಿವಿಜ್ಞಾನಿ ರಿಚರ್ಡ್ ಓವನ್, 1850ರ ಹೊತ್ತಿಗೆ ಈ ಗ್ರಂಥಿಯ ಬಗ್ಗೆ ಬರೆದರು. ಮನುಷ್ಯರಲ್ಲೂ ಇದೆ ಅಂತ ತೋರಿಸಿ, ಹೆಸರಿಟ್ಟು, 1880ರಲ್ಲಿ ಪ್ರಕಟಿಸಿದವರು ಸ್ವೀಡನ್ನಿನ ಐವರ್ ಸಾಂಡ್‌ಸ್ಟ್ರೋಮ್. ಆಗಲೂ ಇವು ಏನು ಮಾಡುತ್ತವೆ ಅಂತ ಯಾರಿಗೂ ಗೊತ್ತಿರಲಿಲ್ಲ. ಥೈರಾಯ್ಡ್ ಆಪರೇಷನ್ ಮಾಡಿಸಿಕೊಂಡ ಕೆಲವರ ಕೈಕಾಲು ಮಾತ್ರ ಒಂದೆರಡು ದಿನದಲ್ಲೇ ಸೆಟೆದುಕೊಳ್ಳುತ್ತಿದ್ದವು. ಥೈರಾಯ್ಡಿನ ಜೊತೆಗೆ ಈ ಕಾಳುಗಳೂ ಕತ್ತರಿಗೆ ಸಿಕ್ಕಿ ಹೋಗುತ್ತಿದ್ದವು!

ಸೆಟೆದುಕೊಳ್ಳುವುದು ಯಾಕೆ? ನರಗಳು ಹದ ತಪ್ಪದಂತೆ, ಸ್ನಾಯುಗಳು ಸರಿಯಾಗಿ ಬಿಗಿದು ಸಡಿಲವಾಗುವಂತೆ, ಹೃದಯ ಲಯ ತಪ್ಪದಂತೆ ನೋಡಿಕೊಳ್ಳಲು ರಕ್ತದಲ್ಲಿ ಕ್ಯಾಲ್ಸಿಯಂ ಬೇಕೇ ಬೇಕು. ಕಮ್ಮಿಯಾದರೆ ಮೊದಲು ತುಟಿಯ ಸುತ್ತ, ಬೆರಳ ತುದಿಯಲ್ಲಿ ಜೋಮು ಹಿಡಿದಂತಾಗುತ್ತದೆ. ಡಾಕ್ಟರು ಬಿಪಿ ಪಟ್ಟಿಯನ್ನು ತೋಳಿಗೆ ಸುತ್ತಿ, ಗಾಳಿ ತುಂಬಿ, ಮೂರು ನಿಮಿಷ ಹಾಗೇ ಬಿಟ್ಟು ನೋಡುವುದುಂಟು. ಕ್ಯಾಲ್ಸಿಯಂ ತುಂಬಾ ಇಳಿದಿದ್ದರೆ ಮಣಿಕಟ್ಟು ಬಾಗುತ್ತದೆ, ಬೆರಳುಗಳು ನೆಟ್ಟಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಹೆಬ್ಬೆರಳು ಒಳಗೆ ಮಡಚಿಕೊಳ್ಳುತ್ತದೆ. ಬೇಡ ಅಂದರೂ ಕೈ ಕೇಳುವುದಿಲ್ಲ.

ಈಗ ಲೆಕ್ಕ ನೋಡಿ. ದೊಡ್ಡವರ ಮೈಯಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ನೂರಕ್ಕೆ 99 ಪಾಲು ಮೂಳೆ ಮತ್ತು ಹಲ್ಲಿನಲ್ಲಿ. ರಕ್ತದಲ್ಲಿರುವುದು ಚೂರೇ ಚೂರು, ಆದರೆ ಜೀವ ನಿಂತಿರುವುದು ಆ ಚೂರಿನ ಮೇಲೆ. ಹಾಗಾಗಿ ದೇಹ ಅದನ್ನು ಹಗಲೂ ರಾತ್ರಿ ಕಾಯುತ್ತದೆ. ಮೂಳೆ ಅದಕ್ಕೆ ಇಡಿಗಂಟು.

ಕಾಯುವ ಕೆಲಸ ಪಿಟಿಎಚ್‌ನದು. ರಕ್ತದಲ್ಲಿ ಕ್ಯಾಲ್ಸಿಯಂ ಸ್ವಲ್ಪ ಇಳಿದರೂ ಆ ನಾಲ್ಕು ಗ್ರಂಥಿಗಳಿಗೆ ಗೊತ್ತಾಗಿಬಿಡುತ್ತದೆ, ಸೆಕೆಂಡುಗಳಲ್ಲೇ ಹಾರ್ಮೋನು ಹೊರಡುತ್ತದೆ. ಅದು ಕಿಡ್ನಿಗೆ ಹೋಗಿ, ಮೂತ್ರದಲ್ಲಿ ಕ್ಯಾಲ್ಸಿಯಂ ಪೋಲಾಗದಂತೆ ತಡೆಯುತ್ತದೆ. ಮೂಳೆಯಿಂದ ಒಂದಿಷ್ಟು ಬಿಡಿಸಿ ತರುತ್ತದೆ. ಜೊತೆಗೆ, ವಿಟಮಿನ್ ಡಿಯನ್ನು ಕೆಲಸಕ್ಕೆ ಬರುವ ರೂಪಕ್ಕೆ ತರುವಂತೆ ಕಿಡ್ನಿಗೆ ಹೇಳುತ್ತದೆ. ಬಿಸಿಲು ಬಿದ್ದಾಗ ಚರ್ಮದಲ್ಲಿ ಹುಟ್ಟುವ ವಿಟಮಿನ್ ಡಿ ಲಿವರಿನಲ್ಲಿ ಒಮ್ಮೆ, ಕಿಡ್ನಿಯಲ್ಲಿ ಇನ್ನೊಮ್ಮೆ ಮಾರ್ಪಟ್ಟು ಕ್ಯಾಲ್ಸಿಟ್ರಯಾಲ್ ಆಗುತ್ತದೆ. ಹೆಸರಿಗೆ ವಿಟಮಿನ್, ಮಾಡುವುದು ಹಾರ್ಮೋನಿನ ಕೆಲಸ. ಊಟದಲ್ಲಿರುವ ಕ್ಯಾಲ್ಸಿಯಂ ಅನ್ನು ಕರುಳು ಚೆನ್ನಾಗಿ ಹೀರಿಕೊಳ್ಳಬೇಕಾದರೆ ಇದು ಬೇಕು. ಇದಿಲ್ಲದಿದ್ದರೆ ತಿಂದದ್ದರಲ್ಲಿ ಬಹುಪಾಲು ಸುಮ್ನೆ ಹೊರಗೆ ಹೋಗುತ್ತದೆ. ರಕ್ತದಲ್ಲಿ ಮಟ್ಟ ಸರಿಹೋದ ಕೂಡಲೇ ಪಿಟಿಎಚ್ ತಗ್ಗುತ್ತದೆ. ಕ್ಯಾಲ್ಸಿಯಂ ಜಾಸ್ತಿಯಾದಾಗ ಇಳಿಸಲು ಕ್ಯಾಲ್ಸಿಟೋನಿನ್ ಅನ್ನುವ ಇನ್ನೊಂದು ಹಾರ್ಮೋನು ಇದೆ, ಆದರೆ ಮನುಷ್ಯರಲ್ಲಿ ಅದರ ಪಾತ್ರ ಸಣ್ಣದು.

ಆ 9.4ರ ಗುಟ್ಟು ಇಲ್ಲೇ ಇದೆ. ವಿಟಮಿನ್ ಡಿ ಕಮ್ಮಿಯಿದ್ದರೆ ಕರುಳಿನಿಂದ ಬರುವುದು ಕಮ್ಮಿ. ಆಗ ಪಿಟಿಎಚ್ ಏರುತ್ತದೆ, ಮೂಳೆಯಿಂದ ತೆಗೆದು ರಕ್ತಕ್ಕೆ ತುಂಬುತ್ತದೆ. ರಿಪೋರ್ಟಿನಲ್ಲಿ ಕ್ಯಾಲ್ಸಿಯಂ ಸರಿಯಾಗೇ ಕಾಣುತ್ತದೆ. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಅಂತಾರಲ್ಲ, ಹಾಗೆ ವರ್ಷಗಟ್ಟಲೆ ಇಡಿಗಂಟು ಕರಗುತ್ತಿರುತ್ತದೆ, ಅಲ್ವಾ? ಅದಕ್ಕೇ ಮೂಳೆಯ ಬಗ್ಗೆ ಅನುಮಾನ ಬಂದಾಗ ಬರೀ ಕ್ಯಾಲ್ಸಿಯಂ ನೋಡಿದರೆ ಸಾಲದು. ವಿಟಮಿನ್ ಡಿ, ಪಿಟಿಎಚ್ ಮತ್ತು ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬಗ್ಗೆ ಡಾಕ್ಟರನ್ನು ಕೇಳಬೇಕು. ಮುಟ್ಟು ನಿಂತ ಹೆಂಗಸರು ಇದನ್ನು ಖಂಡಿತ ಕೇಳಬೇಕು. ಮೂಳೆ ಕರಗಿಸುವ ಜೀವಕೋಶಗಳನ್ನು ಹದ್ದುಬಸ್ತಿನಲ್ಲಿಡುವುದು ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನು. ಮುಟ್ಟು ನಿಂತು ಅದು ಇಳಿದ ಮೊದಲ ಕೆಲವು ವರ್ಷ ಮೂಳೆ ಬಹಳ ಬೇಗ ಸವೆಯುತ್ತದೆ. ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಿಗೂ ಇದೇ ಮಾತು.

ಪಿಟಿಎಚ್ ಕಡಿವಾಣ ಕಳೆದುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ವೈದ್ಯರು ಈಗಲೂ ಹೇಳುವುದು ಚಾರ್ಲ್ಸ್ ಮಾರ್ಟೆಲ್ ಅನ್ನುವ ಅಮೆರಿಕದ ಹಡಗಿನ ಕ್ಯಾಪ್ಟನ್ ಕಥೆ. ಅವರ ಒಂದು ಗ್ರಂಥಿಯಲ್ಲಿ ಗಡ್ಡೆಯಾಗಿ ಹಾರ್ಮೋನು ಸುರಿಯುತ್ತಲೇ ಇತ್ತು. ಮೂಳೆಗಳು ಮತ್ತೆ ಮತ್ತೆ ಮುರಿದವು. ಆಳಿನ ಎತ್ತರವೇ ಸುಮಾರು ಏಳು ಇಂಚು ಕುಗ್ಗಿತು. ಕುತ್ತಿಗೆಯಲ್ಲಿ ಹುಡುಕಿ ಹುಡುಕಿ ಆರು ಆಪರೇಷನ್ ಆದವು, ಗಡ್ಡೆ ಸಿಗಲಿಲ್ಲ. 1932ರಲ್ಲಿ ಏಳನೆಯ ಸಲ ಎದೆಗೂಡು ತೆರೆದಾಗ ಅಲ್ಲಿತ್ತು. ಅಷ್ಟರಲ್ಲಿ ತಡವಾಗಿತ್ತು. ಕಿಡ್ನಿಯಲ್ಲಿ ಕಲ್ಲು ಕಟ್ಟಿತ್ತು, ಕೆಲವೇ ವಾರಗಳಲ್ಲಿ ತೀರಿಕೊಂಡರು. ಈ ಕಥೆ ಓದಿದಾಗಲೆಲ್ಲ ಸಂಕಟವಾಗುತ್ತದೆ. ಈಗ ಒಂದು ಸಾದಾ ರಕ್ತಪರೀಕ್ಷೆಯಲ್ಲೇ ಕ್ಯಾಲ್ಸಿಯಂ ಏರಿದ್ದು ಕಂಡು ಈ ಕಾಯಿಲೆ ಎಷ್ಟೋ ಮುಂಚೆಯೇ ಸಿಕ್ಕಿಬೀಳುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಪಿಟಿಎಚ್ ಮೂಳೆಯ ಶತ್ರು ಅನ್ನಿಸಬಹುದು. ಆದರೆ ಅದು ನೇರವಾಗಿ ಮಾತಾಡುವುದು ಮೂಳೆ ಕಟ್ಟುವ ಜೀವಕೋಶಗಳ ಜೊತೆ. ಆ ಜೀವಕೋಶಗಳೇ ಕರಗಿಸುವ ಜೀವಕೋಶಗಳನ್ನು ಎಬ್ಬಿಸುತ್ತವೆ. ಹಾರ್ಮೋನು ಬಿಡದೆ ಸುರಿದರೆ ಕರಗುವುದು ಜಾಸ್ತಿ. ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಬಂದು ಹೋದರೆ ಕಟ್ಟುವುದೇ ಜಾಸ್ತಿ. ಅದೇ ಹಾರ್ಮೋನಿನ ಮೊದಲ 34 ಅಮೈನೋ ಆಮ್ಲಗಳಿಂದ ಮಾಡಿದ ಟೆರಿಪ್ಯಾರಟೈಡ್ ಅನ್ನುವ ಔಷಧ 2002ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಮೂಳೆ ತೀರಾ ಸವೆದವರು ಇದನ್ನು ದಿನಕ್ಕೊಂದರಂತೆ ಸಣ್ಣ ಸೂಜಿಯಲ್ಲಿ ತೊಡೆಗೋ ಹೊಟ್ಟೆಗೋ ಚುಚ್ಚಿಕೊಳ್ಳುತ್ತಾರೆ. ತಿಂಗಳುಗಳು ಕಳೆದಂತೆ ಬೆನ್ನುಮೂಳೆಯಲ್ಲಿ ಹೊಸ ಮೂಳೆ ಕೂಡುತ್ತಾ ಬರುತ್ತದೆ.